ಅವ್ವನ ಸೀಟಿ, ನನ್ನ ಪ್ರಾರ್ಥನೆ

ಕೊಳ್ಳೇಗಾಲದ ನಮ್ಮ ಬೀದಿಗೆ ಬಸ್ಸು ಬರುವುದಿಲ್ಲ. ಬರುವಷ್ಟು ಅಗಲವೂ ಇಲ್ಲ. ಎದುರುಬದುರು ಎರಡು ಸ್ಕೂಟರು ಬಂದರೆ ಒಬ್ಬರು ಕಾಲೂರಿ ನಿಲ್ಲಬೇಕು. ಆದರೂ ದಿನಾ ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಇಲ್ಲಿ ಕಂಡಕ್ಟರ್ ಸೀಟಿ ಕೇಳಿಸುತ್ತದೆ. ಒಂದು ಸಲ ಅಲ್ಲ, ಎರಡು ಸಲ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ದಿನ ಬಾಗಿಲು ತೆಗೆದು ಆಚೆ ಈಚೆ ನೋಡುತ್ತಾರೆ. ಹಾಲಿನವನು, "ಗಾಬ್ರಿ ಬೀಳ್ಬೇಡಿ ಕಣ್ರಿ, ಅದು ಸಾಮಣ್ಣೋರ ಮನೆ ಬಸ್ಸು, ಈಗ ಒಂಟದೆ" ಅಂತ ಸಮಾಧಾನ ಹೇಳಿ ಮುಂದಿನ ಮನೆಗೆ ಹೋಗುತ್ತಾನೆ.

ಸಾಮಣ್ಣ ಅಂದರೆ ನಾನೇ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಸಾಮುವೇಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ, ಬಹುಪಾಲು ಕೊಳ್ಳೇಗಾಲ–ಹನೂರು ರೂಟಿನಲ್ಲಿ, ಆಗೊಮ್ಮೆ ಈಗೊಮ್ಮೆ ಯಳಂದೂರಿನ ಕಡೆಗೆ, ನಿಂತೇ ಆಯುಸ್ಸು ಕಳೆದು ಹೋದ ವರ್ಷ ನಿವೃತ್ತನಾದವನು. ಟಿಕೆಟ್ ಮೆಷಿನ್ ವಾಪಸ್ ಕೊಟ್ಟೆ, ಬ್ಯಾಗು ಕೊಟ್ಟೆ, ಹಾರ ಹಾಕಿಸಿಕೊಂಡೆ, ಮೈಸೂರುಪಾಕು ತಿಂದೆ. ಸೀಟಿಯನ್ನು ಮಾತ್ರ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಅದು ಈಗ ಅವ್ವನ ದಿಂಬಿನ ಕೆಳಗಿದೆ. ಬೆಳಿಗ್ಗೆ ಊದುವವಳು ಅವಳೇ, ಎಂಬತ್ತು ದಾಟಿದ, ಬಾಯಿ ಒಂದು ಮಗ್ಗುಲಿಗೆ ತುಸು ವಾಲಿದ ಮುದುಕಿ. ಯಾಕೆ ಊದುತ್ತಾಳೆ ಅಂತ ಹೇಳಬೇಕಾದರೆ ನನ್ನ ಮರ್ಯಾದೆ ಹೋದ ಕಥೆಯನ್ನೂ ಹೇಳಬೇಕಾಗುತ್ತದೆ. ಹೋದದ್ದು ಹೋಯಿತು, ಹೇಳಿಬಿಡುತ್ತೇನೆ.

ನನಗೆ ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ. ನಗಬೇಡಿ. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲಿ, ಬೆಳೆದದ್ದು ದೇವಾಲಯದ ಬೆಂಚಿನ ಮೇಲೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಬಾರದಿದ್ದದ್ದು ಸ್ವಂತ ಪ್ರಾರ್ಥನೆ. ನಾಲ್ಕು ಜನರ ಮುಂದೆ ಬಾಯಿಬಿಟ್ಟು, ಪುಸ್ತಕ ಇಲ್ಲದೆ, ನಮ್ಮದೇ ಮಾತಿನಲ್ಲಿ ಮಾಡುವಂಥದ್ದು. ನಮ್ಮ ಸಭೆಯಲ್ಲಿ ಅದೇ ದೊಡ್ಡದು. ಪ್ರತಿ ಗುರುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಕೂಟ ನಡೆಯುತ್ತದೆ. ಹಾಡಾಗುತ್ತದೆ, ವಾಕ್ಯ ಓದುವುದಾಗುತ್ತದೆ, ಆಮೇಲೆ ಅಯ್ಯನವರು, ಅಂದರೆ ನಮ್ಮ ಪಾದ್ರಿ, ಕಣ್ಣು ಮುಚ್ಚಿಕೊಂಡೇ "ಈಗ ಇಂಥವರು ಪ್ರಾರ್ಥನೆ ನಡೆಸುತ್ತಾರೆ" ಅಂದುಬಿಡುತ್ತಾರೆ. ಆ ಇಂಥವರು ಯಾರು ಅಂತ ಕೊನೇ ಗಳಿಗೆಯವರೆಗೂ ಗೊತ್ತಾಗುವುದಿಲ್ಲ. ಹಾಡು ಮುಗಿಯುತ್ತ ಬಂದ ಹಾಗೆ ನಾನು ಬಾಗಿಲು ಎಷ್ಟು ದೂರ ಅಂತ ಕಣ್ಣಲ್ಲೇ ಅಳೆಯುತ್ತಿದ್ದೆ.

ತಮಾಷೆ ಅಂದರೆ ನನ್ನ ಗಂಟಲಿಗೇನೂ ಬರ ಇರಲಿಲ್ಲ. ಬಸ್ ಸ್ಟ್ಯಾಂಡಿನ ಈ ತುದಿಯಲ್ಲಿ ನಿಂತು "ಮದುವನಳ್ಳಿ, ಕಾಮಗೆರೆ, ಅನೂರ್ ಅನೂರ್ ಅನೂರ್!" ಅಂತ ಒಂದು ಸಲ ಕೂಗಿದರೆ, ಆ ತುದಿಯ ಶೌಚಾಲಯದಲ್ಲಿದ್ದವರು ಗುಂಡಿ ಹಾಕಿಕೊಳ್ಳುತ್ತಲೇ ಓಡಿಬರುತ್ತಿದ್ದರು. ಜಾಗ ಹಿಡಿಯಲು ಕಿಟಕಿಯಲ್ಲಿ ಟವೆಲ್ಲು ತೂರುವವರನ್ನು ಗದರಿಸಿ, ಫುಟ್‌ಬೋರ್ಡಿನ ಮೇಲೆ ನೇತಾಡುವವರನ್ನು ಒಳಗೆ ತಳ್ಳಿ, ಕುರಿಮರಿಗೂ ಟಿಕೆಟ್ಟು ಯಾಕೆ ಅಂತ ಜಗಳ ತೆಗೆದವರಿಗೆ ಕಾನೂನು ಹೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಅಂಥ ಬಾಯಿ ದೇವರ ಮುಂದೆ ಮಾತ್ರ ಕಚ್ಚಿಕೊಂಡುಬಿಡುತ್ತಿತ್ತು.

ಅವ್ವನನ್ನು ಕೇಳಿ ಬೆಳೆದವನು ಹೀಗಾದದ್ದು ಇನ್ನೂ ವಿಚಿತ್ರ. ನನ್ನ ಬಾಲ್ಯವೆಲ್ಲ ಕಳೆದದ್ದು ಬಂಡಳ್ಳಿಯಲ್ಲಿ. ಅವ್ವ ಕೂಲಿಗೆ ಹೊರಡುವ ಮುಂಚೆ ನನ್ನನ್ನು ಚಾಪೆಯ ಮೇಲೆ ಮಂಡಿಯೂರಿಸಿ, ತಾನೂ ಪಕ್ಕದಲ್ಲಿ ಊರಿ ಶುರುಮಾಡುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಹಾಗಾಗಿ ದೇವರ ಹತ್ತಿರ ಪುಸ್ತಕದ ಭಾಷೆ ಮಾತಾಡುವ ತಾಪತ್ರಯವೂ ಇರಲಿಲ್ಲ.

"ಅಪ್ಪಾ, ಎದ್ದಿದ್ದೀಯಾ? ಎದ್ದೇ ಇರ್ತೀಯ ಬುಡು. ನೋಡು, ಇವತ್ತು ಕಳೆ ಕೀಳಕ್ಕೋಯ್ತಾ ಇವ್ನಿ. ಸೊಂಟ ನೋಯ್ತದೆ, ಒಸಿ ಇಡ್ಕೋ. ಎಮ್ಮೆ ನೆನ್ನಿಂದ ಮೇವು ಮುಟ್ನಿಲ್ಲ. ಅದ್ಕೇನಾಗದೆ ಅಂತ ನಂಗೊತ್ತಿಲ್ಲ, ನಿಂಗೊತ್ತು."

ಎಮ್ಮೆ ಮುಗಿದ ಮೇಲೆ ಊರುಗಳು. ಹನೂರಿನಲ್ಲಿ ಅವಳ ತಮ್ಮ, ಕಾಮಗೆರೆಯಲ್ಲಿ ಬಾಣಂತಿ ನಾದಿನಿ, ಮಧುವನಹಳ್ಳಿಗೆ ಕೊಟ್ಟಿದ್ದ ತಂಗಿ, ಹೀಗೆ ರಸ್ತೆ ಹಿಡಿದು ಊರೂರಿಗೂ ನಿಲ್ಲಿಸಿಕೊಂಡು ಹೋಗುತ್ತಿದ್ದಳು. ಆ ಕಡೆ ಒಲೆಯ ಪಕ್ಕದಲ್ಲಿ ಹಿಟ್ಟಿನ ಮುದ್ದೆ ಆರುತ್ತಿತ್ತು, ಉಪ್ಪೆಸರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಇನ್ನೆಷ್ಟು ಊರು ಬಾಕಿ ಅಂತ ನಾನು ಒಂದು ಕಣ್ಣು ತೆರೆದರೆ, ಎರಡೂ ಕಣ್ಣು ಮುಚ್ಚಿದ್ದ ಅವ್ವನಿಗೆ ಅದು ಹೇಗೆ ಕಾಣುತ್ತಿತ್ತೋ, ಪ್ರಾರ್ಥನೆ ನಿಲ್ಲಿಸದೆ ತೊಡೆ ಚಿವುಟುತ್ತಿದ್ದಳು.

ಒಂದೊಂದು ದಿನ ಅವಳ ದನಿ ಇದ್ದಕ್ಕಿದ್ದಂತೆ ಏರುತ್ತಿತ್ತು. "ಪಕ್ಕದ್ ಮನೆ ಪುಟ್ಟಮ್ಮಂಗೆ ಒಳ್ಳೆ ಬುದ್ಧಿ ಕೊಡಪ್ಪಾ! ಪಾತ್ರೆ ತೊಳ್ದ ನೀರ ನಮ್ ಬಾಗ್ಲಿಗೇ ಚೆಲ್ತಾಳೆ!"

ಗೋಡೆಯಾಚೆಯಿಂದ ಉತ್ತರ ಬರುತ್ತಿತ್ತು: "ಕೇಳುಸ್ತು ಕಣಕ್ಕ! ನಾಳಿಂದ ಆ ಕಡೀಕ್ ಚೆಲ್ತೀನಿ. ಅಂಗೇ ನನ್ ಮಗಳ್ ಪರೀಕ್ಸೆಗೂ ಒಂದ್ ಮಾತು ಏಳ್ಬುಡು!"

ಪುಟ್ಟಮ್ಮ ಮಾರಿಗುಡಿಗೆ ನಡೆದುಕೊಳ್ಳುವವಳು. ಆದರೂ ದಯಾಮಣಕ್ಕನ, ಅಂದರೆ ನಮ್ಮವ್ವನ, ಮಾತು ಮೇಲಕ್ಕೆ ಬೇಗ ತಲುಪುತ್ತದೆ ಅಂತ ಅವಳಿಗೆ ನಂಬಿಕೆ. ಅವ್ವನೂ ಬಿಂಕ ಮಾಡದೆ ಪುಟ್ಟಮ್ಮನ ಮಗಳನ್ನು ಸೇರಿಸಿಕೊಳ್ಳುತ್ತಿದ್ದಳು. ಆ ಹುಡುಗಿ ಪಾಸೂ ಆದಳು.

ಇಷ್ಟು ಚೆನ್ನಾದ ಪಾಠಶಾಲೆ ಮನೆಯಲ್ಲೇ ಇದ್ದಾಗ ನಾನು ಕಲಿತದ್ದು ಬೇರೆ ಕಡೆ. ಭಾನುವಾರದ ಶಾಲೆಯಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಷ್ಟರ ಪ್ರಾರ್ಥನೆಯಲ್ಲಿ ದೊಡ್ಡ ದೊಡ್ಡ ಪದಗಳು ಉರುಳುತ್ತಿದ್ದವು. ನಾನು ಅವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡಕ್ಷರ ಕಲಿತ ಅಹಂಕಾರ ನೋಡಿ, ಅವ್ವನದು ಪ್ರಾರ್ಥನೆಯೇ ಅಲ್ಲ, ಹಟ್ಟಿಯ ಮಾತು ಅಂತ ಅನ್ನಿಸತೊಡಗಿತು. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವ ಹಾಗೆ ದೇವರಿಗೂ ಬರೆಯಬೇಕು, ಇಲ್ಲದಿದ್ದರೆ ತಿರಸ್ಕಾರ ಆಗುತ್ತದೆ ಅಂತ ನಂಬಿಕೊಂಡೆ.

ಇನ್ನು ಮರ್ಯಾದೆ ಹೋದದ್ದು. ಕೆಲಸ ಖಾಯಮ್ಮಾಗಿ, ಬಂಡಳ್ಳಿಯಿಂದ ಅವ್ವನನ್ನು ಕರೆತಂದು ಕೊಳ್ಳೇಗಾಲದಲ್ಲಿ ಮನೆ ಮಾಡಿ, ಯಳಂದೂರಿನ ಸುಗುಣಳನ್ನು ಮದುವೆಯಾದ ವರ್ಷ. ಹೊಸ ಮನೆಯಲ್ಲಿ ಮೊದಲ ಕೂಟ. ಬೀಗರೆಲ್ಲ ಯಳಂದೂರಿನಿಂದ ಬಂದಿದ್ದರು. ನಾನು ನಾಲ್ಕು ಟ್ರಿಪ್ಪು ಮುಗಿಸಿ, ಮುಖ ತೊಳೆದು ಹಾಗೇ ಬಂದು ಗೋಡೆಗೊರಗಿ ನಿಂತಿದ್ದೆ. ಅಯ್ಯನವರು ಕಣ್ಣು ಮುಚ್ಚಿ, "ಈಗ ಈ ಮನೆಯ ಯಜಮಾನರು ಪ್ರಾರ್ಥನೆ ನಡೆಸುತ್ತಾರೆ" ಅಂದರು.

ಯಜಮಾನ ಯಾರು ಅಂತ ನಾನೂ ಒಂದು ಕ್ಷಣ ಹುಡುಕಿದೆ. ಆಮೇಲೆ ನೋಟ್‌ಬುಕ್ಕಿನ ಪದಗಳು ನುಗ್ಗಿದವು. "ಓ ಮಹಾಮಹಿಮೆಯುಳ್ಳವನೇ, ಸಕಲ ಲೋಕಗಳ ಒಡೆಯನೇ, ನಿನ್ನ ಅಪಾರವಾದ ಅನುಗ್ರಹದ ನಿಮಿತ್ತವಾಗಿಯೂ, ನಿನ್ನ ಕೃಪೆಯ ನಿಮಿತ್ತವಾಗಿಯೂ, ಈ ಮನೆಯ ನಿಮಿತ್ತವಾಗಿಯೂ..." ನಿಮಿತ್ತ ಹತ್ತಿದವನಿಗೆ ಇಳಿಯುವ ಜಾಗವೇ ಸಿಗಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಇನ್ನೆರಡು ನಿಮಿತ್ತ ಆದವು. ಹೇಗಾದರೂ ಮುಗಿಸಬೇಕಲ್ಲ, ಮುಗಿಸುವುದಕ್ಕೆ ಒಂದು ಪದ ಇದೆಯಲ್ಲ, ಅದೇನದು ಅಂತ ತಡಕಾಡುತ್ತಿರುವಾಗ, ದಿನಕ್ಕೆ ನೂರು ಸಲ ಹೇಳಿ ಪಳಗಿದ್ದ ನನ್ನ ಗಂಟಲು ತನಗೆ ಗೊತ್ತಿದ್ದದ್ದನ್ನು ಕೂಗಿಬಿಟ್ಟಿತು.

"ರೈಟ್!"

ಬಸ್ಸು ಎತ್ತು ಅಂತ ಡ್ರೈವರಿಗೆ ಹೇಳುವ ಅದೇ ರೈಟ್. ಸಾಲದ್ದಕ್ಕೆ ಅಂಗೈಯಿಂದ ಗೋಡೆಗೆ ಧಡ್ ಧಡ್ ಅಂತ ಎರಡೇಟು ಬೇರೆ.

ಎಲ್ಲರೂ ಒಟ್ಟಿಗೆ ಕಣ್ಣು ತೆರೆದರು. ಆಮೇಲೆ ನಮ್ಮ ಮಾವನವರು, "ಅಳಿಯಂದ್ರು ಬಸ್ ಬುಟ್ಟೇಬುಟ್ರಲ್ಲಪ್ಪಾ!" ಅಂದರು. ಅಷ್ಟೇ, ಮನೆ ಬಿದ್ದು ಹೋಗುವ ಹಾಗೆ ನಕ್ಕರು. ಅಯ್ಯನವರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದರು. ಹೊಸ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅವಳ ಭುಜ ಕುಣಿಯುತ್ತಿತ್ತು. ನಗದೇ ಇದ್ದವಳು ಅವ್ವ ಒಬ್ಬಳೇ. ಎಲ್ಲರೂ ಹೋದ ಮೇಲೆ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕರೆದಳು. ಬೈಯುತ್ತಾಳೆ ಅಂದುಕೊಂಡೆ. ಅವಳ ಕಣ್ಣಲ್ಲಿ ನೀರಿತ್ತು.

"ನಿಂಗೆ ಎಲ್ಲಾ ಮಾಡ್ದೆ ಕಣ್ಲಾ ಸಾಮು, ಇದೊಂದ ಕಲಿಸ್ನಿಲ್ಲ. ನನ್ ಬಾಯಿ ನಿಂತೋಗೋಕ್ ಮುಂಚೆ ನಿನ್ ಬಾಯಿಂದ ಒಂದೇ ಒಂದು ಪ್ರಾರ್ಥನೆ ಕೇಳ್ಬೇಕು. ಆಮ್ಯಾಕೆ ನಾನು ನೆಮ್ಮದಿಯಾಗಿ ಓಯ್ತೀನಿ."

ಆಗಲಿ ಅಂದೆ. ಅಂದವನು ಮೂವತ್ತು ವರ್ಷ ತಪ್ಪಿಸಿಕೊಂಡು ತಿರುಗಿದೆ.

ತಪ್ಪಿಸಿಕೊಳ್ಳುವುದರಲ್ಲಿ ನನ್ನಷ್ಟು ನಿಪುಣರು ನಮ್ಮ ಸಭೆಯಲ್ಲಿ ಇನ್ನೊಬ್ಬರಿಲ್ಲ. ಗುರುವಾರ ಬಂತೆಂದರೆ ಯಾರನ್ನಾದರೂ ಕಾಡಿಬೇಡಿ ಸಂಜೆಯ ಯಳಂದೂರು ಟ್ರಿಪ್ಪು ಹಾಕಿಸಿಕೊಳ್ಳುತ್ತಿದ್ದೆ. ಇದು ಎಷ್ಟು ನಿಯಮಿತವಾಯಿತೆಂದರೆ ನಮ್ಮ ಡ್ರೈವರ್ ನಂಜಪ್ಪ, "ಏನ್ ಸಾಮಣ್ಣ, ಗುರ್ವಾರ ಗುರ್ವಾರ ಯಳಂದೂರಲ್ಲಿ ಅಂಥದ್ದೇನ್ ಮಡ್ಗಿದ್ದೀಯ?" ಅಂತ ಕಣ್ಣು ಹೊಡೆದ. ಆ ಮಾತು ಹೇಗೋ ಸುಗುಣಳ ಕಿವಿಗೆ ಬಿದ್ದು, ಅವಳು ಯಳಂದೂರಿನ ತನ್ನ ತಾಯಿಗೆ ಫೋನು ಮಾಡಿ, ಅತ್ತೆಯವರು ಬಸ್ ಸ್ಟ್ಯಾಂಡಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ಪ್ರಾರ್ಥನೆಗೆ ಹೆದರಿ ಬಂದಿದ್ದೇನೆ ಅಂತ ಹೇಳುವುದಕ್ಕಿಂತ ಆ ಅನುಮಾನವೇ ವಾಸಿ ಅನ್ನಿಸಿ ಸುಮ್ಮನಿದ್ದೆ. ಟ್ರಿಪ್ಪು ಸಿಗದ ವಾರ ಕೂಟದಲ್ಲಿ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂರುತ್ತಿದ್ದೆ. ಹಾಡು ಮುಗಿಯುವ ಹೊತ್ತಿಗೆ ನನಗೆ ಕೆಮ್ಮು ಬರುತ್ತಿತ್ತು. ಅವ್ವ ಒಳಗಿನಿಂದ ನನ್ನ ಕೆಮ್ಮು ಕೇಳಿಸಿಕೊಂಡು ತಲೆ ತಗ್ಗಿಸುತ್ತಿದ್ದಳು. ಅದನ್ನು ನೋಡಿಯೂ ನೋಡದವನ ಹಾಗೆ ಇದ್ದೆನಲ್ಲ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವ್ವ ಎಂದಿನಂತೆ ಮಂಚದ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದಳು. ನಾನು ಖಾಕಿ ಷರ್ಟಿನ ಗುಂಡಿ ಹಾಕಿಕೊಳ್ಳುತ್ತ ಕೇಳುತ್ತಿದ್ದೆ. ಕೊಳ್ಳೇಗಾಲಕ್ಕೆ ಬಂದ ಮೇಲೆ ಅವಳ ರಸ್ತೆ ತಿರುಗುಮುರುಗಾಗಿತ್ತು. ಮನೆಯಿಂದ ಹೊರಟು ಮಧುವನಹಳ್ಳಿಯ ತಂಗಿಯನ್ನು ಮುಗಿಸಿದಳು. "ಕಾಮಗೆರೇಲಿ..." ಅಂದಳು. ಮತ್ತೆ "ಕಾಮಗೆರೇಲಿ..." ಅಂದಳು. ಮುಂದಿನ ಮಾತು ಬರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಮಗ್ಗುಲಿಗೆ ವಾಲಿದ್ದಳು.

ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ಬಂದಳು. ಕಾಲು ನಿಧಾನಕ್ಕೆ ಸ್ವಲ್ಪ ಸ್ವಾಧೀನಕ್ಕೆ ಬಂತು. ಮಾತು ಮಾತ್ರ ಇಲ್ಲ. "ಬಂದರೂ ಬರಬಹುದು, ನೀವೇ ಅವರ ಹತ್ತಿರ ಹೆಚ್ಚು ಹೆಚ್ಚು ಮಾತಾಡಿ" ಅಂದರು ಡಾಕ್ಟರು. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಆರು ಗಂಟೆ ಅನ್ನುವುದು ಗಡಿಯಾರದಲ್ಲಿ ಮಾತ್ರ ಇತ್ತು. ಆ ಹೊತ್ತಿಗೆ ಸರಿಯಾಗಿ ಅವ್ವ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಏನು ಕೇಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಪ್ರಾರ್ಥನೆ ಪುಸ್ತಕ ತಂದು ಓದಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಸುಗುಣ ಪ್ರಾರ್ಥನೆ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಅವ್ವ ಅದನ್ನು ಕೇಳಿ ಕಣ್ಣೊರೆಸಿಕೊಂಡು, ಮತ್ತೆ ನನ್ನನ್ನೇ ನೋಡಿದಳು. ಬಾಯಿ ನಿಂತುಹೋಗುವ ಮುಂಚೆ ಅಂದಿದ್ದಳು. ಬಾಯಿ ನಿಂತೇ ಹೋಗಿತ್ತು. ಇನ್ನು ಕಿವಿ ಒಂದು ಬಾಕಿ.

ಒಂದು ದಿನ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯಲ್ಲಿ ಕೂತು ಟೀ ಕುಡಿಯುತ್ತ, ಎಂದಿನಂತೆ ಆ ದಿನದ ಬಸ್ಸಿನ ವರ್ತಮಾನ ಸುಗುಣಳಿಗೆ ಒಪ್ಪಿಸುತ್ತಿದ್ದೆ. ಯಾರ ಮಗಳಿಗೆ ಗಂಡು ನೋಡಿದರು, ಯಾರಿಗೆ ಮಂಡಿ ನೋವು, ಯಾರ ಮನೆಯ ರೇಷ್ಮೆ ಹುಳ ಕೆಟ್ಟುಹೋಯಿತು, ಇಂಥದ್ದೇ. ಕೇಳುತ್ತ ಕೇಳುತ್ತ ಅವಳು ಸೌಟನ್ನು ಟಪ್ಪನೆ ಇಟ್ಟಳು.

"ಅಲ್ಲ ಕಣ್ರೀ, ದಿನಾ ಬಸ್ಸಿನ ತುಂಬ ಜನದ ಕಷ್ಟ ಒತ್ಕಂಡು ಬಂದು ನನ್ ಮುಂದೆ ಸುರೀತೀರಿ. ನಾನೇನ್ ಮಾಡ್ಲಿ ಅದ್ನ? ಟೀ ಕೊಡ್ಬೋದು ಅಷ್ಟೇಯ. ಇದ್ನೇ ಒಸಿ ದೇವ್ರ ಕಡೀಕ್ ತಿರುಗ್ಕಂಡು ಏಳಿ. ಅತ್ತೆ ಏಳ್ತಿದ್ದದ್ದೂ ಇದೇ ಅಲ್ವಾ?"

ಟೀ ಲೋಟ ಕೆಳಗಿಟ್ಟೆ. ಇಷ್ಟು ವರ್ಷ ನಾನು ನಿಂತು ಓಡಾಡಿದ ರಸ್ತೆ ಅವ್ವ ಮಂಡಿಯೂರಿ ಓಡಾಡಿದ ರಸ್ತೆಯೇ ಅಂತ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಕಂಡಕ್ಟರನ ಬುದ್ಧಿ ನಿಧಾನ, ಏನು ಮಾಡುವುದು.

ಆ ವಾರದ ಕೂಟ ನಮ್ಮ ಮನೆಯಲ್ಲೇ ಇತ್ತು, ಅವ್ವನಿಗಾಗಿ. ಯಳಂದೂರು ಟ್ರಿಪ್ಪು ಬೇಡ ಅಂದೆ. ನಂಜಪ್ಪ ನನ್ನ ಹಣೆ ಮುಟ್ಟಿ ನೋಡಿದ. ಬಸ್ಸು ತಡವಾಗಿ, ಬಟ್ಟೆ ಬದಲಿಸಲೂ ಹೊತ್ತಿಲ್ಲದೆ ಖಾಕಿಯಲ್ಲೇ ಮನೆಗೆ ಓಡಿದೆ. ಹಾಡು ಮುಗಿಯುತ್ತಿತ್ತು. ಈಗಿನ ಅಯ್ಯನವರು ಹೊಸಬರು, ಆದರೂ ಹಳೇ ಕಥೆಯನ್ನು ಯಾರೋ ಪುಣ್ಯಾತ್ಮರು ಅವರಿಗೆ ಹೇಳಿಯೇ ಇದ್ದರು. ನನ್ನ ಹೆಸರು ಎತ್ತುತ್ತಿರಲಿಲ್ಲ. ಅವರು ಮಂಚದ ಹತ್ತಿರ ಬಂದು ತಾವೇ ಪ್ರಾರ್ಥನೆಗೆ ಬಾಯಿ ತೆರೆದರು. ಅವ್ವ ಎಡಗೈ ಚಾಚಿ ನನ್ನ ಖಾಕಿಯ ತೋಳನ್ನು ಹಿಡಿದು ಎಳೆದಳು. ಬಿಡಲಿಲ್ಲ. ಅಯ್ಯನವರು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

ಇನ್ನು ಚಪ್ಪಲಿಯ ಹತ್ತಿರ ಓಡುವ ದಾರಿ ಇರಲಿಲ್ಲ. ಕೆಮ್ಮೂ ಬರಲಿಲ್ಲ. ಕಣ್ಣು ಮುಚ್ಚಿದೆ.

"ಅಪ್ಪಾ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅವ್ವ ಕಾಮಗೆರೇಲಿ ನಿಲ್ಸಿದ್ಳು. ನಾನು ಅಲ್ಲಿಂದ್ಲೇ ತಕತೀನಿ."

ತೋಳು ಹಿಡಿದಿದ್ದ ಅವ್ವನ ಕೈ ಬಿಗಿಯಾಯಿತು.

"ಕಾಮಗೆರೇಲಿ ಚಿಕ್ಕತಾಯಮ್ಮ ಅಂತವ್ಳೆ. ಕಣ್ ಆಪ್ರೇಸನ್ ಆದ್ಮೇಲೂ ಬಸ್ಸಿನ್ ಮೆಟ್ಲು ಸರ್ಯಾಗ್ ಕಾಣಕಿಲ್ಲ ಅವ್ಳ್ಗೆ. ನಾನೊಂದ್ ಕೈ ಇಡ್ಕತೀನಿ, ನೀನೊಂದ್ ಕೈ ಇಡ್ಕೋ. ಅನೂರಲ್ಲಿ ನಮ್ ಮಾವ ಅವ್ನೆ, ಅವ್ವನ್ ತಮ್ಮ. ಅಕ್ಕನ್ ನೋಡಕ್ ಬರ್ಬೇಕು ಅಂತಾನೆ, ಬಂದ್ರೆ ಅಳ್ತೀನಿ ಅಂತ ಎದ್ರುಕತಾನೆ. ಅವ್ನ್ಗೆ ಧೈರ್ಯ ಕೊಡು. ಬಂಡಳ್ಳಿ ಪುಟ್ಟಮ್ಮನ್ ಮಗಳು ಈಗ ಟೀಚರು ಕಣಪ್ಪಾ, ಅವತ್ತು ಅವ್ವ ಪರೀಕ್ಸೆಗೆ ಕೇಳಿದ್ಳಲ್ಲ, ಅದೇ ಹುಡ್ಗಿ. ಮೊಮ್ಮಕ್ಳನ್ ಬುಟ್ಟು ದಿನಾ ದೂರ ಓಯ್ತಾಳೆ, ವರ್ಗ ಕೇಳ್ತಾವ್ಳೆ. ಅದ್ನ ಕೊಟ್ಟೋನು ಇದ್ನೂ ಕೊಡು. ನಮ್ ಡ್ರೈವರ್ ನಂಜಪ್ಪಂಗೆ ಸಕ್ಕರೆ ಕಾಯ್ಲೆ, ಕದ್ದು ಜಿಲೇಬಿ ತಿಂತಾನೆ. ಅವ್ನು ಮಾದಪ್ಪನ್ ಒಕ್ಲು, ಆದ್ರೂ ನಿಂಗೆ ಏಳಿದ್ರೆ ಬೇಜಾರ್ ಮಾಡ್ಕಳಕಿಲ್ಲ. ಅವ್ನ್ ಕಣ್ಣು ಕಾಪಾಡು, ಅವ್ನ್ ಕಣ್ಣ ನಂಬ್ಕಂಡು ಊರೆಲ್ಲಾ ಬಸ್ಸಲ್ಲಿ ನಿದ್ದೆ ಮಾಡ್ತದೆ."

ಯಾರೋ ಮೂಗು ಸೀಟಿದರು. ಯಾರೋ ಕಿಸಕ್ಕೆಂದರು. ನನಗೆ ಯಾವುದೂ ಅಡ್ಡ ಬರಲಿಲ್ಲ. ಒಂದೂ ನಿಮಿತ್ತ ಬಂದಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಊರೂರಿಗೂ ನಿಲ್ಲಿಸಿಕೊಂಡು, ಯಳಂದೂರಿಗೆ ಹೋಗಿ ನನ್ನನ್ನು ಅನುಮಾನಿಸಿದ್ದ ಅತ್ತೆಯವರ ಮಂಡಿ ನೋವನ್ನೂ ಹೇಳಿ, ತಿರುಗಿ ಕೊಳ್ಳೇಗಾಲಕ್ಕೆ ಬಂದೆ.

"ಇನ್ ಲಾಸ್ಟ್ ಸ್ಟಾಪು ಅಪ್ಪಾ. ನಮ್ಮನೆ. ಇವ್ಳು ದಿನಾ ಬೆಳ್ಗೆ ನಿನ್ ಜೊತೆ ಮಾತಾಡ್ತಿದ್ಳು. ಮೂರ್ ತಿಂಗ್ಳಾಯ್ತು, ಮಾತಿಲ್ಲ. ನಮ್ಗೆ ಮನೆ ಬಿಕೋ ಅಂತದೆ. ನಿಂಗೂ ಬೇಜಾರಾಗಿರ್ಬೇಕು. ಇವ್ಳ ಮಾತು ಇವ್ಳ್ಗೆ ಕೊಟ್ಬುಡು. ಅದುವರ್ಗೂ ಇವ್ಳ ಡ್ಯೂಟಿ ನಾನ್ ಮಾಡ್ತೀನಿ. ತಪ್ಪಿಸ್ಕಳಕಿಲ್ಲ."

ಮುಗಿಯಿತು. ಇಳಿಯುವ ಜಾಗ ಸಿಕ್ಕಿತ್ತು. ಮೂವತ್ತು ವರ್ಷದ ಎಚ್ಚರಿಕೆಯನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು, ಗೋಡೆಗೆ ತಾಗದಂತೆ ಕೈಯನ್ನು ಜೇಬಿಗೆ ಹಾಕಿಕೊಂಡು, 'ಆಮೆನ್' ಅನ್ನಲು ಜೋಪಾನವಾಗಿ ಬಾಯಿ ತೆರೆದೆ. 'ಆ' ಅನ್ನುವಷ್ಟರಲ್ಲಿ ಮಂಚದ ಮೇಲಿಂದ ಒಂದು ಸದ್ದು ಬಂತು. ಗಂಟಲು ಕೆರೆದ ಸದ್ದು. ಆಮೇಲೆ, ಮೂರು ತಿಂಗಳಿಂದ ಒಂದಕ್ಷರ ಆಡದಿದ್ದ ಅವ್ವ, ವಾರೆಯಾದ ಬಾಯಿಂದ, ಇಡೀ ಮನೆಗೆ ಕೇಳುವ ಹಾಗೆ ಕೂಗಿದಳು.

"ರ್... ರೈಟ್!"

ಎಡಗೈಯಿಂದ ಮಂಚದ ಪಟ್ಟಿಗೆ ಎರಡೇಟು ಹೊಡೆದಳು. ಧಡ್, ಧಡ್.

ಆಮೇಲೆ ನಮ್ಮ ಮನೆಯಲ್ಲಿ ಆದದ್ದನ್ನು ಕೂಟ ಅನ್ನುವುದು ಕಷ್ಟ. ಸುಗುಣ ಅವ್ವನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ಜನ ಅಳುತ್ತಿದ್ದಾರ, ನಗುತ್ತಿದ್ದಾರ ಗೊತ್ತಾಗುತ್ತಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಅಯ್ಯನವರು ಕಣ್ಣೊರೆಸಿಕೊಂಡು, "ಸಾಮಣ್ಣ, ಇದರ ಮೇಲೆ ಆಮೆನ್ ಬೇರೆ ಬೇಕೇನ್ರೀ?" ಅಂದರು. ಅವ್ವ ಅರ್ಧ ಬಾಯಲ್ಲಿ ನಗುತ್ತಿದ್ದಳು. ಅವತ್ತು ಎಲ್ಲರೂ ನಕ್ಕಾಗ ನಗದೆ ಉಳಿಸಿಕೊಂಡಿದ್ದ ನಗೆಯನ್ನೆಲ್ಲ ಒಟ್ಟಿಗೆ ನಗುತ್ತಿದ್ದಳು. ನಾನು ಗೆದ್ದುಬಿಟ್ಟೆ ಅನ್ನಿಸಿತು ನನಗೆ. ಹನೂರಿನ ರಸ್ತೆಯ ಅಷ್ಟೂ ಊರಿಗೆ ಕೇಳುವ ಹಾಗೆ ಕೂಗಬೇಕು ಅನ್ನಿಸಿತು.

ಮಾತು ಒಂದೊಂದಾಗಿ ಬರತೊಡಗಿತು. ಬಾಯಿಗೆ ಬಲ ಬರಲು ಏನಾದರೂ ಊದಿಸಿ ಅಂದರು ಡಾಕ್ಟರು. ಬಲೂನು ತಂದೆ, ಬೇಡ ಅಂದಳು. ನನ್ನ ಜೇಬಿನ ಸೀಟಿಗೆ ಕೈ ಚಾಚಿದಳು. ಎಷ್ಟೋ ದಿನ ಬರೀ ಗಾಳಿ ಬಂತು. ಒಂದು ಬೆಳಿಗ್ಗೆ ಪೀ ಅಂತು. ಅದಾದ ಮೇಲೆ ಬೀದಿಗೆ ನಿದ್ದೆ ಇಲ್ಲ.

ಈಗ ಆರು ಗಂಟೆಗೆ ಅವ್ವ ಎರಡು ಸಲ ಊದುತ್ತಾಳೆ, ನಾನು ಶುರುಮಾಡುತ್ತೇನೆ. ನಡುವೆ ಎಲ್ಲಾದರೂ ದೊಡ್ಡ ಪದ ನುಸುಳಿದರೆ ಒಂದೇ ಸೀಟಿ. ಒಂದು ಸೀಟಿ ಅಂದರೆ ನಿಲ್ಲಿಸು ಅಂತ ನಮ್ಮ ಇಲಾಖೆಯ ಕಾನೂನು. ಇವತ್ತು ಬೆಳಿಗ್ಗೆ ಮಾತಿನ ಭರದಲ್ಲಿ ನಾನು ಮಧುವನಹಳ್ಳಿ ಬಿಟ್ಟು ಸೀದಾ ಕಾಮಗೆರೆಗೆ ಹೋಗಿಬಿಟ್ಟೆ. ಪೀ!

"ಲೇ ಸಾಮು, ಮದುವ್ನಳ್ಳೀಲಿ ನನ್ ತಂಗಿ ಅತ್ಲಿಲ್ಲ ಕಣ್ಲಾ!"

ಬಸ್ಸು ಹಿಂದಕ್ಕೆ ತೆಗೆದೆ. ಚಿಕ್ಕಮ್ಮನನ್ನು ಹತ್ತಿಸಿಕೊಂಡು, ಹನೂರು, ಬಂಡಳ್ಳಿ, ಯಳಂದೂರು ಎಲ್ಲ ಮುಗಿಸಿ ಮನೆಗೆ ಬಂದು ಸುಮ್ಮನಾದೆ. ಕೊನೆಯ ಪದವನ್ನು ನಾನು ಅವಳಿಗೇ ಬಿಟ್ಟಿದ್ದೇನೆ. ಅವ್ವ ಒಂದು ಸಲ ಮನೆಯ ಎಲ್ಲರ ಮುಖ ನೋಡಿ, ಮಂಚದ ಪಟ್ಟಿಗೆ ಎರಡೇಟು ಹೊಡೆದು, "ರೈಟ್" ಅಂದಳು. ನಮ್ಮ ದಿನ ಹೊರಟಿತು.